ಶಿವಮೊಗ್ಗದ ದುರ್ಗಿಗುಡಿ ಹಲ್ಲಿನ ಕ್ಲಿನಿಕ್: ಇವರು ಬರೆದಿಟ್ಟ ಕಾರ್ಡಿಂದಲೇ ನಮ್ಮ ದೊಡ್ಡಪ್ಪನ ಶವ ಗುರುತಾಗಿದ್ದು

ಐದಕ್ಕೆ ಐದು ಸ್ಟಾರ್ ಕೊಡ್ತಿದೀನಿ, ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಬರೀತೀನಿ, ಪುರ್ಸೊತ್ತು ಮಾಡ್ಕೊಂಡು ಓದಿ. ಹಲ್ಲಿನ ಡಾಕ್ಟ್ರ ಬಗ್ಗೆ ರಿವ್ಯೂ ಅಂದ್ರೆ ಎಲ್ರೂ ನೋವಾಗ್ಲಿಲ್ಲ, ರೇಟು ಜಾಸ್ತಿ ಇಲ್ಲ, ಸ್ಟಾಫ್ ಒಳ್ಳೇವ್ರು ಅಂತ ಬರೀತಾರೆ. ಅದೆಲ್ಲ ಇಲ್ಲೂ ನಿಜಾನೇ. ಆದ್ರೆ ನಾನು ಹೇಳೋಕೆ ಬಂದಿರೋದು ಇವರು ಪೇಶಂಟ್ ದಾಖಲೆ ಇಡೋ ರೀತಿ ಬಗ್ಗೆ. ಯಾವ ಹಲ್ಲಿಗೆ ಯಾವಾಗ ಏನು ಮಾಡಿದ್ರು ಅಂತ ಬರೆದು, ಎಕ್ಸ್‌ರೇ ಜೊತೆ ಎತ್ತಿಡೋ ಕೆಲ್ಸ ನಮ್ಮಲ್ಲಿ ಎಷ್ಟೋ ಕಡೆ ಆಗೋದೇ ಇಲ್ಲ, ಪೇಶಂಟುಗಳಾದ ನಾವೂ ಅದನ್ನ ಕೇಳಲ್ಲ. ಅದರಿಂದ ಒಂದು ಮನೆಗೆ ಏನಾಗುತ್ತೆ ಅನ್ನೋದನ್ನ ನಾವು ಅನುಭವಿಸಿದೀವಿ.

ಮೊದಲು ಮಾಮೂಲಿ ವಿಷಯ ಹೇಳಿಬಿಡ್ತೀನಿ. ಕ್ಲಿನಿಕ್ ಇರೋದು ಮೇನ್ ರೋಡಿಂದ ಒಳಗೆ, ಮೊದಲ್ನೇ ಮಹಡಿಯಲ್ಲಿ. ಲಿಫ್ಟ್ ಇಲ್ಲ, ಮೆಟ್ಲು ಕಡಿದು, ಮಂಡಿ ನೋವಿರೋ ವಯಸ್ಸಾದೋರಿಗೆ ನಿಜವಾಗ್ಲೂ ಕಷ್ಟ, ಇದನ್ನ ಅವರು ಸರಿ ಮಾಡ್ಲೇಬೇಕು. ಸಂಜೆ ಹೊತ್ತು ಹೋದ್ರೆ ಕಾಯ್ಬೇಕು, ಗಾಡಿ ನಿಲ್ಸೋಕೂ ಜಾಗ ಸಿಗಲ್ಲ. ತೀರ್ಥಹಳ್ಳಿ, ಹೊಸನಗರ, ಸಾಗರ ಕಡೆಯಿಂದ ಬೆಳಗಿನ ಬಸ್ಸಿಗೆ ಬರೋರನ್ನ ಮೊದಲು ನೋಡಿ ಕಳಿಸ್ತಾರೆ, ವಾಪಸ್ ಬಸ್ಸು ತಪ್ಪಬಾರದು ಅಂತ. ರೂಟ್ ಕೆನಾಲ್, ಕ್ಯಾಪ್ ಎಲ್ಲದಕ್ಕೂ ಮುಂಚೇನೇ ಇಷ್ಟಾಗುತ್ತೆ ಅಂತ ಚೀಟಿಯಲ್ಲಿ ಬರೆದು ಕೊಡ್ತಾರೆ, ಆಮೇಲೆ ಅದಕ್ಕಿಂತ ಒಂದು ರೂಪಾಯಿ ಜಾಸ್ತಿ ಕೇಳಿದ್ದು ನಾನು ನೋಡಿಲ್ಲ.

ಈಗ ಮುಖ್ಯ ವಿಷಯ. ಇಲ್ಲಿ ಮೊದಲ ಸಲ ಹೋದಾಗ ಯಾವುದೋ ಒಂದು ಹಲ್ಲು ನೋವು ಅಂದ್ರೂ ಡಾಕ್ಟ್ರು ಅದೊಂದನ್ನೇ ನೋಡಿ ಮುಗಿಸಲ್ಲ, ಇಡೀ ಬಾಯಿ ನೋಡ್ತಾರೆ. ಪುಟ್ಟ ಕನ್ನಡಿ ಹಿಡ್ಕೊಂಡು ಒಂದೊಂದೇ ಹಲ್ಲಿನ ನಂಬರ್ ಹೇಳ್ತಾ ಹೋಗ್ತಾರೆ, ಪಕ್ಕದಲ್ಲಿ ನಿಂತಿರೋ ಹುಡುಗಿ ಕಾರ್ಡಲ್ಲಿ ಗುರುತು ಹಾಕ್ಕೊಳ್ತಾಳೆ. ಬಾಯಿನ ನಾಲ್ಕು ಭಾಗ ಮಾಡಿ ಬಲ ಮೇಲೆ 1, ಎಡ ಮೇಲೆ 2, ಎಡ ಕೆಳಗೆ 3, ಬಲ ಕೆಳಗೆ 4, ಆಮೇಲೆ ಪ್ರತಿ ಭಾಗದಲ್ಲೂ ನಡುವಿನ ಮುಂದಿನ ಹಲ್ಲಿಂದ ಶುರು ಮಾಡಿ ಹಿಂದಿನ ಅಕ್ಕಲು ಹಲ್ಲಿನವರೆಗೆ 1ರಿಂದ 8. ಹಂಗಾಗಿ 46 ಅಂದ್ರೆ ಬಲಗಡೆ ಕೆಳಗಿನ ಮೊದಲ್ನೇ ದವಡೆ ಹಲ್ಲು, ಪ್ರಪಂಚದ ಬಹಳ ದೇಶಗಳಲ್ಲಿ ಹಲ್ಲಿನ ಡಾಕ್ಟ್ರುಗಳಿಗೆ ಇದೇ ಲೆಕ್ಕ. ಕಾರ್ಡಲ್ಲಿ 32 ಹಲ್ಲಿನ ಚಿತ್ರ ಅಚ್ಚಾಗಿರುತ್ತೆ, ಒಂದೊಂದು ಹಲ್ಲಿಗೂ ಐದು ಮುಖ, ಹುಳುಕು ಯಾವ ಮುಖದಲ್ಲಿದೆಯೋ ಅಲ್ಲಿ ಕೆಂಪು, ಸಿಮೆಂಟೋ ಬೆಳ್ಳಿಯೋ ತುಂಬಿಸಿದ್ರೆ ನೀಲಿ, ಕಿತ್ತಿರೋ ಹಲ್ಲಿಗೆ ಅಡ್ಡ ಗೀಟು. ಓರೆಯಾಗಿರೋದು, ಒಂದರ ಮೇಲೊಂದು ಹತ್ತಿರೋದು, ಮುಂದಿನ ಹಲ್ಲಿನ ಸಂದು, ಎಲೆ ಅಡಿಕೆಯಿಂದ ಸವೆದಿರೋದು, ಎಲ್ಲ ಪಕ್ಕದಲ್ಲಿ ಬರೀತಾರೆ. ಎಕ್ಸ್‌ರೇ ತೆಗೆದ್ರೆ ಮೇಲೆ ತಾರೀಖು ಇರಲೇಬೇಕು. ನಮಗೆ ಆಗ ಇದೆಲ್ಲ ಯಾಕಪ್ಪಾ ಇಷ್ಟೊತ್ತು ಅನ್ನಿಸ್ತಿತ್ತು.

ನಮ್ಮ ದೊಡ್ಡಪ್ಪ ತೀರ್ಥಹಳ್ಳಿ ಹತ್ರದವರು, ಅಡಿಕೆ ತೋಟ, ಯಾವಾಗ್ಲೂ ಬಾಯಲ್ಲಿ ಕವಳ. ಇವರ ಹತ್ರವೇ ವರ್ಷಗಳ ಹಿಂದೆ ಬಲಗಡೆ ಕೆಳಗಿನ ದವಡೆ ಹಲ್ಲಿಗೆ ರೂಟ್ ಕೆನಾಲ್ ಮಾಡ್ಸಿ ಕ್ಯಾಪ್ ಹಾಕ್ಸಿದ್ರು. ಪುನರ್ವಸು ಮಳೆ ಜೋರು ಹಿಡಿದಿದ್ದ ಹೊತ್ತಲ್ಲಿ ತೋಟದ ಕಡೆ ನೀರು ನೋಡಿ ಬರ್ತೀನಿ ಅಂತ ಹೋದವರು ಬರ್ಲಿಲ್ಲ. ಹಳ್ಳ ಹೊಳೆ ಎಲ್ಲ ತುಂಬಿ ಹರೀತಿತ್ತು, ಊರೋರು, ಫೈರ್ ಸರ್ವೀಸಿನೋರು ಎಲ್ಲ ಹುಡುಕಿದ್ರು. ಪೊಲೀಸ್ನೋರು ಮಿಸ್ಸಿಂಗ್ ಕೇಸ್ ಹಾಕ್ಕೊಂಡ್ರು. ಮಳೆ ಕಮ್ಮಿಯಾದ ಮೇಲೆ ಮಂಡಗದ್ದೆ ದಾಟಿ ಗಾಜನೂರು ಹಿನ್ನೀರಿನ ಕಡೆ ಒಂದು ಗಂಡಸಿನ ಶವ ಸಿಕ್ತು. ಪೇಪರಲ್ಲಿ "ಅಪರಿಚಿತ ಶವ ಪತ್ತೆ, ವಾರಸುದಾರರು ಸಂಪರ್ಕಿಸಿ" ಅಂತ ನಾಲ್ಕು ಸಾಲು ಬರುತ್ತಲ್ಲ, ಅದೇ.

ನೋಡೋಕೆ ಹೋದ್ರೆ ಮುಖ ಗುರುತು ಹಿಡಿಯೋ ಸ್ಥಿತಿಯಲ್ಲಿ ಇರ್ಲಿಲ್ಲ. ಬೆರಳಿನ ಚರ್ಮ ಹೋಗಿತ್ತು, ಹಂಗಾಗಿ ಬೆರಳಚ್ಚೂ ಇಲ್ಲ. ಮೈಮೇಲೆ ಉಳಿದಿದ್ದು ಒಂದು ಚಡ್ಡಿ, ಹರಿದ ಬನಿಯನ್, ನಮ್ಮ ಸೀಮೆಯಲ್ಲಿ ತೋಟಕ್ಕೆ ಹೋಗೋ ಯಾವ ಗಂಡಸಿನ ಮೈಮೇಲಾದ್ರೂ ಇರೋದು ಅದೇ. ಅದೇ ಶವಾನ ನೋಡೋಕೆ ಇನ್ನೊಂದು ಮನೆಯೋರೂ ಬಂದಿದ್ರು, ಅವರ ಮನೆಯಲ್ಲೂ ಒಬ್ರು ಅದೇ ಮಳೆಯಲ್ಲಿ ಕಾಣೆಯಾಗಿದ್ರು, ಹೆಚ್ಚು ಕಮ್ಮಿ ಅದೇ ವಯಸ್ಸು, ಅದೇ ಎತ್ತರ. ಅವರ ಮಗ ಬನಿಯನ್ ನೋಡಿ ಅಪ್ಪಂದೇ ಅಂತ ಅಳೋಕೆ ಶುರು ಮಾಡಿದ. ನಮ್ಮ ದೊಡ್ಡಮ್ಮ ಕಾಲಿನ ಬೆರಳು ನೋಡಿ ಇವ್ರೇ ಅಂದ್ರು. ಇಬ್ರೂ ಸುಳ್ಳು ಹೇಳ್ತಿರ್ಲಿಲ್ಲ. ಇಂಥ ಹೊತ್ತಲ್ಲಿ ಕಣ್ಣನ್ನ ನಂಬೋಕಾಗಲ್ಲ, ಬಟ್ಟೆ ನೋಡಿ ಶವ ಕೊಟ್ಬಿಟ್ರೆ ಒಂದು ಮನೆಯೋರು ಬೇರೆಯೋರಿಗೆ ಬೆಂಕಿ ಕೊಟ್ಟ ಹಂಗಾಗುತ್ತೆ, ಇನ್ನೊಂದು ಮನೆಯೋರು ಜೀವನ ಪೂರ್ತಿ ಕಾಯ್ತಾ ಕೂರ್ತಾರೆ.

ಡಿಎನ್‌ಎಗೆ ದೊಡ್ಡಪ್ಪನ ಮಗ, ನಮ್ಮಣ್ಣನ ರಕ್ತ ತಗೊಂಡು ಬೆಂಗಳೂರಿಗೆ ಕಳಿಸಿದ್ರು, ಅದಕ್ಕೆ ಟೈಮ್ ಹಿಡಿಯುತ್ತೆ ಅಂದ್ರು. ಅಷ್ಟರಲ್ಲಿ ಪೋಸ್ಟ್‌ಮಾರ್ಟಮ್ ಮಾಡಿದ ಡಾಕ್ಟ್ರು ದೊಡ್ಡಮ್ಮನ್ನ ಕೂರಿಸಿ ಕೇಳಿದ್ರು, "ಅಮ್ಮಾ, ಯಜಮಾನ್ರು ಎಲ್ಲಾದ್ರೂ ಹಲ್ಲು ತೋರಿಸಿದ್ರಾ? ಹಳೇ ಎಕ್ಸ್‌ರೇ ಏನಾದ್ರೂ ಇದೆಯಾ?" ಅಂತ. ದೊಡ್ಡಪ್ಪ ಮೊದಲು ಬೇರೊಂದು ಊರಲ್ಲಿ ಒಂದು ಹಲ್ಲು ಕೀಳ್ಸಿದ್ರು, ಅಲ್ಲಿ ಕೇಳಿದ್ರೆ ಒಂದು ಚೀಟಿನೂ ಇಲ್ಲ, ನಾವು ಹಳೇದೆಲ್ಲ ಇಡಲ್ಲ ಅಂದ್ರು. ಆಮೇಲೆ ಈ ಕ್ಲಿನಿಕ್ಕಿಗೆ ಫೋನ್ ಮಾಡಿದ್ವಿ. ಕಾರ್ಡ್ ಇತ್ತು. ಡಾಕ್ಟ್ರು ನಮ್ಮ ಕೈಗೆ ಸುಮ್ನೆ ಕೊಡ್ಲಿಲ್ಲ, ಪೊಲೀಸ್ನೋರಿಂದ ಲೆಟರ್ ತಗೊಂಡು, ಒರಿಜಿನಲ್ ಎಲ್ಲ ಲಿಸ್ಟ್ ಮಾಡಿ ಸಹಿ ಹಾಕ್ಸಿ ಕೊಟ್ರು, ಒಂದು ಕಾಪಿ ತಮ್ಮ ಹತ್ರ ಇಟ್ಕೊಂಡ್ರು. ಅದೂ ಸರಿಯಾದ ರೀತಿನೇ, ಬೇರೆಯೋರ ಬಾಯಿ ವಿಷಯ ಯಾರು ಕೇಳಿದ್ರೂ ಕೊಡಬಾರದಲ್ವಾ.

ಆ ಕಾರ್ಡ್ ನಾನು ಆಮೇಲೆ ನೋಡಿದೆ. 46ರ ಎದುರಿಗೆ ರೂಟ್ ಕೆನಾಲ್ ಅಂತ ಬರೆದು ಕೆಳಗೆ ಸಣ್ಣಕ್ಷರದಲ್ಲಿ "ಹಿಂದಿನ ಬೇರಲ್ಲಿ ಫಿಲ್ಲಿಂಗ್ ತುದಿ ದಾಟಿ ಸ್ವಲ್ಪ ಹೊರಗೆ ಹೋಗಿದೆ, ಪೇಶಂಟಿಗೆ ತಿಳಿಸಿದೆ, ನೋವು ಬಂದರೆ ಬರಲು ಹೇಳಿದೆ" ಅಂತ ಇತ್ತು. ರೂಟ್ ಕೆನಾಲ್ ಮಾಡಿದ ಮೇಲೆ ಬೇರಿನ ಒಳಗೆ ಗಟ್ಟಾಪರ್ಚಾ ಅಂತ ತುಂಬಿಸ್ತಾರೆ, ಎಕ್ಸ್‌ರೇಯಲ್ಲಿ ಅದು ಬೆಳ್ಳಗೆ ಗೆರೆ ತರ ಕಾಣುತ್ತೆ. ದೊಡ್ಡಪ್ಪಂದು ಒಂದು ಬೇರಲ್ಲಿ ಆ ಬಿಳಿ ಗೆರೆ ತುದಿ ದಾಟಿ, ಸ್ವಲ್ಪ ಹಿಂದಕ್ಕೆ ಕೊಕ್ಕೆ ತರ ಬಾಗಿ ನಿಂತಿತ್ತು. ಶವದ ದವಡೆಯದ್ದು ಹೊಸದಾಗಿ ಎಕ್ಸ್‌ರೇ ತೆಗೆದಾಗ ಅದೇ ಬೇರು, ಅದೇ ಕೊಕ್ಕೆ. ಎರಡೂ ಪಕ್ಕಪಕ್ಕ ಇಟ್ಟು ತೋರಿಸಿದಾಗ ಹಲ್ಲಿನ ಬಗ್ಗೆ ಏನೂ ಗೊತ್ತಿಲ್ಲದ ನಂಗೂ ಅರ್ಥ ಆಯ್ತು. ತಮ್ಮ ಕೆಲ್ಸ ನೂರಕ್ಕೆ ನೂರು ಆಗ್ಲಿಲ್ಲ ಅನ್ನೋದನ್ನ ಎಷ್ಟು ಡಾಕ್ಟ್ರು ಕಾರ್ಡಲ್ಲಿ ಬರೆದಿಡ್ತಾರೆ ಹೇಳಿ. ಇವರು ಬರೆದಿದ್ರು, ಅದೇ ಗುರುತಾಯ್ತು.

ಅದೊಂದೇ ಅಲ್ಲ. ಎಡಗಡೆ ಕೆಳಗೆ 36 ಕಾರ್ಡಲ್ಲಿ ಅಡ್ಡ ಗೀಟು, ಶವದಲ್ಲೂ ಇಲ್ಲ, ಆ ಜಾಗದ ಮೂಳೆ ಎಂದೋ ಕೂಡಿ ನುಣ್ಣಗಾಗಿತ್ತು, ಪಕ್ಕದ 37 ಖಾಲಿ ಜಾಗಕ್ಕೆ ವಾಲಿತ್ತು. ಆದ್ರೆ ಮೇಲಿನ ಎರಡು ಮುಂದಿನ ಹಲ್ಲು ಕಾರ್ಡಲ್ಲಿ ಇತ್ತು, ಶವದಲ್ಲಿ ಇರ್ಲಿಲ್ಲ. ಅಯ್ಯೋ ಹಂಗಾದ್ರೆ ಇವ್ರಲ್ವಾ ಅಂತ ನಮಗೆ ಗಾಬರಿ. ಕರೆಸಿದ್ದ ಹಲ್ಲಿನ ತಜ್ಞರು ಬಿಡಿಸಿ ಹೇಳಿದ್ರು. ಮುಂದಿನ ಹಲ್ಲಿಗೆ ಒಂದೇ ಬೇರು, ನೀರಲ್ಲಿ ಹಿಡಿದಿಟ್ಕೊಂಡಿರೋ ನಾರು ಕೊಳೆತ ಮೇಲೆ ತಾನಾಗೇ ಜಾರಿ ಬೀಳುತ್ತೆ, ಆಗ ಗುಂಡಿ ಖಾಲಿಯಾಗಿ ಅಂಚು ಚೂಪಾಗೇ ಉಳಿಯುತ್ತೆ. ಬದುಕಿದ್ದಾಗ ಕಿತ್ತಿದ್ರೆ ಗುಂಡಿ ಮೂಳೆಯಿಂದ ತುಂಬಿ ಮುಚ್ಚಿರುತ್ತೆ. ಅಂದ್ರೆ ಕಾರ್ಡಲ್ಲಿ ಇರೋ ಹಲ್ಲು ಶವದಲ್ಲಿ ಇಲ್ಲದೇ ಇರೋದಕ್ಕೆ ಕಾರಣ ಇರಬಹುದು. ಆದ್ರೆ ಕಿತ್ತಾಗಿದೆ ಅಂತ ದಾಖಲೆಯಲ್ಲಿರೋ ಹಲ್ಲು ಶವದಲ್ಲಿ ಗಟ್ಟಿಯಾಗಿ ಕೂತಿದ್ರೆ ಮುಗೀತು, ದಾಖಲೆ ಸರಿ ಇದ್ರೆ ಅದು ಬೇರೆ ಮನುಷ್ಯ. ಇಷ್ಟೇ ಹಲ್ಲು ಹೊಂದಬೇಕು ಅನ್ನೋ ಲೆಕ್ಕ ಏನಿಲ್ಲವಂತೆ, ಒಂದೇ ಹಲ್ಲಲ್ಲಿ ಅಷ್ಟು ವಿಶೇಷವಾದ ಗುರುತಿದ್ರೆ ಅದೇ ಸಾಕಾಗಬಹುದು, ಕಾರಣ ಹೇಳೋಕಾಗದ ವ್ಯತ್ಯಾಸ ಒಂದೂ ಇರಬಾರದು ಅಷ್ಟೆ.

ಇನ್ನೊಂದು ಮನೆಯಿಂದ ಕಾಣೆಯಾಗಿದ್ದವರಿಗೆ ಮೇಲಿನ ಹಲ್ಲು ಪೂರ್ತಿ ಕಿತ್ತು ಸೆಟ್ಟು ಹಾಕಿದ್ರು. ಈ ಶವದಲ್ಲಿ ಮೇಲಿನ ಸಾಲಿನ ಹಿಂದಿನ ದವಡೆ ಹಲ್ಲೆಲ್ಲ ಇದ್ವು. ಆ ಹುಡುಗನಿಗೆ ಹೇಳಿದಾಗ ಅವನ ಮುಖ ನೋಡೋಕಾಗ್ಲಿಲ್ಲ, ಅವನು ಮತ್ತೆ ಕಾಯ್ಬೇಕಿತ್ತು. ಆದ್ರೂ ಸುಳ್ಳು ಸಮಾಧಾನಕ್ಕಿಂತ ಅದೇ ಸರಿ ಅಂತ ನಾನು ಈಗ್ಲೂ ಅಂದ್ಕೊಂಡಿದೀನಿ.

ಶವ ಗುರುತಾಗದೇ ಇದ್ರೆ ಏನು ಕಷ್ಟ ಅಂತ ಹೊರಗಿನೋರಿಗೆ ಗೊತ್ತಾಗಲ್ಲ. ಕಾಣೆಯಾದೋರನ್ನ ಸತ್ತಿದ್ದಾರೆ ಅಂತ ಕಾನೂನು ತಾನಾಗಿ ಒಪ್ಪಬೇಕು ಅಂದ್ರೆ ಏಳು ವರ್ಷ ಅವರ ಸುದ್ದಿ ಯಾರಿಗೂ ಇರಬಾರದು. ಅಲ್ಲೀವರೆಗೂ ಡೆತ್ ಸರ್ಟಿಫಿಕೇಟ್ ಇಲ್ಲ, ಅದಿಲ್ಲದೇ ಪೌತಿ ಖಾತೆ, ಅಂದ್ರೆ ಜಮೀನು ವಾರಸುದಾರರ ಹೆಸರಿಗೆ ಆಗೋದು, ಆಗಲ್ಲ, ಸೊಸೈಟಿ ಸಾಲ, ಎಲ್‌ಐಸಿ ಎಲ್ಲ ಹಂಗೇ ನಿಂತಿರುತ್ತೆ. ಅದಕ್ಕಿಂತ ದೊಡ್ಡದು ಮನೆ ಒಳಗಿಂದು. ದೊಡ್ಡಮ್ಮ ಅಷ್ಟೂ ದಿನ ಬೆಳಗ್ಗೆ ಕುಂಕುಮದ ಬಟ್ಟಲು ಕೈಯಲ್ಲಿ ಹಿಡ್ಕೊಂಡು ಇಡಲೋ ಬೇಡವೋ ಗೊತ್ತಾಗದೇ ಕೂತಿರ್ತಿದ್ರು. ರಾತ್ರಿ ಹಿತ್ಲು ಕಡೆ ಸದ್ದಾದ್ರೆ ಎದ್ದು ಬಾಗ್ಲು ತೆಗೀತಿದ್ರು. ಗುರುತಾದ ಮೇಲೆ ಕ್ರಿಯಾಕರ್ಮ ಆಯ್ತು, ಅವರು ಬಾಯಿಬಿಟ್ಟು ಅತ್ತರು. ಡಿಎನ್‌ಎ ರಿಪೋರ್ಟ್ ಆಮೇಲೆ ಬಂತು, ಅದೂ ಹೊಂದಿತ್ತು.

ಇದಾದ ಮೇಲೆ ನಾನು ಈ ವಿದ್ಯೆ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ, ಡಾಕ್ಟ್ರ ಹತ್ರವೂ ಕೇಳಿ ಕೇಳಿ ತಿಳ್ಕೊಂಡೆ. ಹಲ್ಲಿನ ಎನಾಮಲ್, ಅಂದ್ರೆ ಹೊರಗಿನ ಬಿಳಿ ಪದರ, ನಮ್ಮ ಮೈಯಲ್ಲೇ ಎಲ್ಲಕ್ಕಿಂತ ಗಟ್ಟಿ, ನೂರಕ್ಕೆ ಸುಮಾರು 96 ಭಾಗ ಖನಿಜವೇ. ನೀರು, ಮಣ್ಣು ಯಾವುದಕ್ಕೂ ಬೇಗ ಜಗ್ಗಲ್ಲ, ಬೆಂಕಿ ಬಿದ್ರೂ ಹಿಂದಿನ ದವಡೆ ಹಲ್ಲನ್ನ ಕೆನ್ನೆ, ನಾಲಿಗೆ ಕಾಪಾಡುತ್ವೆ. 1897ರಲ್ಲಿ ಪ್ಯಾರಿಸ್‌ನಲ್ಲಿ ಒಂದು ದಾನದ ಮೇಳದಲ್ಲಿ ಬೆಂಕಿ ಬಿದ್ದು ನೂರಿಪ್ಪತ್ತಕ್ಕೂ ಜಾಸ್ತಿ ಜನ ಸತ್ರಂತೆ, ಕೊನೆಗೆ ಯಾರು ಅಂತಾನೇ ಗೊತ್ತಾಗದೇ ಉಳಿದಿದ್ದ ಶವಗಳನ್ನ ಅವರವರ ಹಲ್ಲಿನ ಡಾಕ್ಟ್ರುಗಳನ್ನ ಕರೆಸಿ ಗುರುತು ಮಾಡಿಸಿದ್ರು. ಅದನ್ನೆಲ್ಲ ಸೇರಿಸಿ ಆಸ್ಕರ್ ಅಮೊಯೆಡೊ ಅನ್ನೋ ಕ್ಯೂಬಾ ಮೂಲದ ಹಲ್ಲಿನ ಡಾಕ್ಟ್ರು ಮುಂದಿನ ವರ್ಷವೇ ಪುಸ್ತಕ ಬರೆದ್ರು. 2004ರ ಸುನಾಮಿ ಆದಾಗ ಥಾಯ್ಲೆಂಡ್‌ನಲ್ಲಿ ಮೊದಲ ತಿಂಗಳುಗಳಲ್ಲಿ ಗುರುತಾದ ವಿದೇಶಿಯರಲ್ಲಿ ಹೆಚ್ಚಿನೋರು ಹಲ್ಲಿಂದಲೇ ಗುರುತಾಗಿದ್ದು, ಯಾಕಂದ್ರೆ ಅವರ ಊರುಗಳಲ್ಲಿ ಹಲ್ಲಿನ ದಾಖಲೆ ಇತ್ತು. ಇಂಟರ್‌ಪೋಲ್‌ನೋರು ಈಗ್ಲೂ ಬೆರಳಚ್ಚು, ಹಲ್ಲು, ಡಿಎನ್‌ಎ ಈ ಮೂರನ್ನೇ ಮುಖ್ಯ ಆಧಾರ ಅಂತಾರೆ, ಬಟ್ಟೆ, ಒಡವೆ, ಹಚ್ಚೆ ಎಲ್ಲ ಆಮೇಲಿನ ಸಾಲು. ನಮ್ಮ ಪಕ್ಕದ ಮಂಗ್ಳೂರಲ್ಲಿ 2010ರ ಮೇ ತಿಂಗಳಲ್ಲಿ ವಿಮಾನ ಬಿದ್ದು 158 ಜನ ಹೋದ್ರಲ್ಲ, ಅಲ್ಲಿ ಕೊನೆವರೆಗೂ ಗುರುತಾಗದೇ ಉಳಿದ ಶವಗಳೂ ಇದ್ವು. ನೆನೆಸ್ಕೊಂಡ್ರೆ ಈಗ್ಲೂ ಹೊಟ್ಟೆ ಉರಿಯುತ್ತೆ.

ದಾಖಲೆ ಇಲ್ಲದಿದ್ರೂ ಹಲ್ಲು ಒಂದಿಷ್ಟು ಹೇಳುತ್ತೆ. ಮಕ್ಕಳಾದ್ರೆ ಯಾವ ಹಲ್ಲು ಎಷ್ಟು ಬೆಳೆದಿದೆ ಅಂತ ನೋಡಿ ವಯಸ್ಸು ಸಾಕಷ್ಟು ಹತ್ರ ಹೇಳಬಹುದು, ದೊಡ್ಡೋರಲ್ಲಿ ಸವೆತ, ಬೇರು ಪಾರದರ್ಶಕ ಆಗಿರೋದು ಇಂಥವು ನೋಡಿ ಅಂದಾಜು ಮಾಡ್ತಾರೆ. ಕಲೆ ನೋಡಿದ್ರೆ ಎಲೆ ಅಡಿಕೆ ಹಾಕೋರು ಅಂತ ಗೊತ್ತಾಗುತ್ತೆ, ಪಾವಗಡ, ಕೋಲಾರದ ಕಡೆ ಫ್ಲೋರೈಡ್ ನೀರು ಕುಡಿದು ಬೆಳೆದೋರ ಹಲ್ಲಲ್ಲಿ ಕಂದು ಮಚ್ಚೆ ಇರುತ್ತೆ. ಹಲ್ಲಿನ ಒಳಗಿನ ತಿರುಳಿಂದ ಡಿಎನ್‌ಎ ಕೂಡ ತೆಗೀಬಹುದು. ನಗೋ ಫೋಟೋ ಇದ್ರೆ ಮುಂದಿನ ಹಲ್ಲಿನ ಆಕಾರ, ಸಂದು ಹೋಲಿಸ್ತಾರೆ, ಅದಕ್ಕೇ ಮನೆಯಲ್ಲಿ ವಯಸ್ಸಾದೋರದ್ದು ಹಲ್ಲು ಕಾಣೋ ಹಂಗೆ ನಗ್ತಿರೋ ಫೋಟೋ ಒಂದಾದ್ರೂ ಇರ್ಲಿ, ಬರೀ ಬಾಯಿ ಮುಚ್ಕೊಂಡಿರೋ ಪಾಸ್‌ಪೋರ್ಟ್ ಫೋಟೋ ಸಾಲಲ್ಲ.

ಒಂದು ಮಾತು, ಕಚ್ಚಿದ ಗುರುತು ನೋಡಿ ಅಪರಾಧಿ ಹಿಡಿಯೋದು ಬೇರೆ ವಿಷಯ. ದಿಲ್ಲಿಯ 2012ರ ನಿರ್ಭಯಾ ಕೇಸಲ್ಲಿ ನಮ್ಮ ಧಾರವಾಡದ ಎಸ್‌ಡಿಎಂ ಡೆಂಟಲ್ ಕಾಲೇಜಿನ ತಜ್ಞರು ಅದನ್ನ ಮಾಡಿಕೊಟ್ಟಿದ್ದು ಎಲ್ರಿಗೂ ಗೊತ್ತು. ಆದ್ರೆ ಚರ್ಮದ ಮೇಲಿನ ಕಚ್ಚಿದ ಗುರುತನ್ನ ಎಷ್ಟು ನಂಬಬಹುದು ಅಂತ ವಿಜ್ಞಾನಿಗಳಲ್ಲೇ ದೊಡ್ಡ ತಕರಾರಿದೆ. ಸತ್ತೋರ ಹಲ್ಲನ್ನ ಅವರದೇ ಎಕ್ಸ್‌ರೇ ಜೊತೆ ಇಟ್ಟು ನೋಡೋದು ಅದಕ್ಕಿಂತ ಎಷ್ಟೋ ಗಟ್ಟಿ ಕೆಲ್ಸ, ಎರಡನ್ನೂ ಒಂದೇ ತಕ್ಕಡಿಗೆ ಹಾಕ್ಬೇಡಿ.

ಈ ಕ್ಲಿನಿಕ್ಕಲ್ಲಿ ಇನ್ನೊಂದು ಕೆಲ್ಸ ಮಾಡ್ತಾರೆ, ಕೇಳಿದ್ರೆ ಹಲ್ಲು ಸೆಟ್ಟಿನ ಒಳಗೆ ಹೆಸರು ಹಾಕಿ ಕೊಡ್ತಾರೆ. ನಮ್ಮಮ್ಮನಿಗೆ ಮೊನ್ನೆ ಮಾಡ್ಸಿದ್ವಿ. ತೆಳು ಪಟ್ಟಿ ಮೇಲೆ ಹೆಸರು, ಒಂದು ನಂಬರ್ ಬರೆದು, ಕೆನ್ನೆ ಕಡೆ ಬರೋ ಗುಲಾಬಿ ಭಾಗದಲ್ಲಿ ಹೂತು ಮೇಲೆ ಪಾರದರ್ಶಕ ಅಕ್ರಿಲಿಕ್ ಹಾಕಿ ಪಾಲಿಶ್ ಮಾಡಿದಾರೆ. ನಾಲಿಗೆಗೆ ಗೊತ್ತಾಗಲ್ಲ, ಹೊರಗೆ ಕಾಣಲ್ಲ, ತೆಗೆದು ಬೆಳಕಿಗೆ ಹಿಡಿದ್ರೆ ಓದೋಕಾಗುತ್ತೆ. ಅದಕ್ಕೆ ಬೇರೆ ದುಡ್ಡು ತಗೊಳ್ಳಲಿಲ್ಲ. ಅಮೆರಿಕದ ಹಲವು ರಾಜ್ಯಗಳಲ್ಲಿ ಸೆಟ್ಟಿಗೆ ಗುರುತು ಹಾಕೋದು ಕಾನೂನೇ ಆಗಿದೆ. ಸೆಟ್ಟು ಎಷ್ಟು ಗಟ್ಟಿ ಸಾಕ್ಷಿ ಅನ್ನೋಕೆ ಒಂದು ಕೇಸಿದೆ, 1949ರಲ್ಲಿ ಇಂಗ್ಲೆಂಡ್‌ನಲ್ಲಿ ಹೇಗ್ ಅನ್ನೋನು ಒಬ್ಬ ಹೆಂಗಸನ್ನ ಕೊಂದು ಆಸಿಡ್‌ನಲ್ಲಿ ಕರಗಿಸಿಬಿಟ್ಟಿದ್ದ, ಅಷ್ಟಾದ್ರೂ ಅವರ ಅಕ್ರಿಲಿಕ್ ಸೆಟ್ಟು ಉಳಿದಿತ್ತು, ಅದನ್ನ ಮಾಡಿಕೊಟ್ಟಿದ್ದ ಡೆಂಟಿಸ್ಟ್ ಹೆಲೆನ್ ಮೇಯೊ ಕೋರ್ಟಿಗೆ ಬಂದು ಇದು ನಾನು ಮಾಡಿದ್ದೇ ಅಂದ್ರು, ಅವನಿಗೆ ಶಿಕ್ಷೆ ಆಯ್ತು. ಬದುಕಿದ್ದಾಗಲೂ ಉಪಯೋಗ ಇದೆ. ಮರೆವಿನ ಕಾಯಿಲೆಯೋರು ದಾರಿ ತಪ್ಪಿದ್ರೆ, ಆಸ್ಪತ್ರೆ ವಾರ್ಡಲ್ಲಿ ಸೆಟ್ಟು ಅದಲು ಬದಲಾದ್ರೆ ಯಾರದ್ದು ಅಂತ ಗೊತ್ತಾಗುತ್ತೆ.

ಕೊರತೆ ಇಲ್ಲ ಅಂತಲ್ಲ. ಮೆಟ್ಲಿನ ವಿಷಯ ಹೇಳಿದೆ. ಹಳೇ ಕಾರ್ಡುಗಳು ಇನ್ನೂ ಕಾಗದದಲ್ಲೇ ಇವೆ, ಮಲೆನಾಡಿನ ಥಂಡಿಗೆ, ಗೆದ್ದಲಿಗೆ ಎಷ್ಟು ದಿನ ತಡೆದಾವು? ಎಲ್ಲ ಸ್ಕ್ಯಾನ್ ಮಾಡಿ ಇನ್ನೊಂದು ಕಡೆಯೂ ಇಡಿ ಅಂತ ನಾನು ಡಾಕ್ಟ್ರಿಗೆ ಹೇಳಿದೀನಿ, ಶುರು ಮಾಡಿದೀವಿ ಅಂದ್ರು. ಈಗ ತೆಗೆಯೋ ಎಕ್ಸ್‌ರೇ ಎಲ್ಲ ಕಂಪ್ಯೂಟರಲ್ಲೇ ಇರುತ್ತೆ, ಕೇಳಿದ್ರೆ ವಾಟ್ಸಾಪಿಗೆ ಕಳಿಸ್ತಾರೆ. ಆದ್ರೆ ತಾವಾಗೇ ಕಳ್ಸಲ್ಲ, ನಾವೇ ಕೇಳ್ಬೇಕು. ಅದನ್ನ ಎಲ್ರಿಗೂ ಮಾಮೂಲಾಗಿ ಕಳಿಸೋ ಹಂಗಾದ್ರೆ ಒಳ್ಳೇದು.

ನೀವು ಈ ಕ್ಲಿನಿಕ್ಕಿಗೇ ಬರ್ಬೇಕು ಅಂತ ನಾನು ಹೇಳ್ತಿಲ್ಲ. ಎಲ್ಲೇ ತೋರಿಸಿದ್ರೂ ಬಿಲ್ ಒಂದೇ ಈಸ್ಕೊಂಡು ಬರಬೇಡಿ, ಎಕ್ಸ್‌ರೇ ಮತ್ತೆ ಯಾವ ಹಲ್ಲಿಗೆ ಏನು ಮಾಡಿದ್ರು ಅನ್ನೋದರ ಕಾಪಿ ಕೇಳಿ, ಅದು ನಿಮ್ಮದೇ ದಾಖಲೆ, ಕೇಳೋಕೆ ಸಂಕೋಚ ಬೇಡ. ಸಿಕ್ಕಿದ್ದನ್ನ ಹೆಸರು, ತಾರೀಖು ಹಾಕಿ ಮನೆಯ ಇನ್ನೊಬ್ರ ಫೋನಿಗೂ ಕಳ್ಸಿಡಿ, ಯಾಕಂದ್ರೆ ಬೇಕಾಗೋ ಹೊತ್ತಲ್ಲಿ ನಿಮ್ಮ ಫೋನ್ ನಿಮ್ಮ ಜೊತೆನೇ ಹೋಗಿರಬಹುದು. ಹೊಳೆ ದಂಡೆಯೋರು, ಕಾಡಂಚಿನ ಮನೆಯೋರು, ಘಾಟಿಯಲ್ಲಿ ರಾತ್ರಿ ಗಾಡಿ ಓಡಿಸೋರು, ಮರ ಹತ್ತಿ ಅಡಿಕೆ ಕೊನೆ ತೆಗೆಯೋರು ಇರೋ ಮನೆಗಳಲ್ಲಂತೂ ಇದು ಮಾಡ್ಲೇಬೇಕು.

ಇಲ್ಲಿಗೆ ಮೊದಲ ಸಲ ಬರೋರು ಬೇರೆ ಕಡೆ ತೆಗೆಸಿದ ಹಳೇ ಎಕ್ಸ್‌ರೇ ಇದ್ರೆ ತಗೊಂಡು ಬನ್ನಿ, ಅದನ್ನೂ ನಿಮ್ಮ ಫೈಲಿಗೆ ಸೇರಿಸಿ ವಾಪಸ್ ಕೊಡ್ತಾರೆ. ಭಾನುವಾರ ರಜೆ. ಬೆಳಗ್ಗೆ ಬೇಗ ಬಂದ್ರೆ ಕಾಯೋದು ಕಮ್ಮಿ.